ಚಿಕ್ಕಮ್ಮನ ಹಪ್ಪಳಕ್ಕೊಂದು ಆನ್‌ಲೈನ್ ಅಂಗಡಿ: ಪಿಎಚ್‌ಪಿಯಲ್ಲಿ ನೀವೇ ಕಟ್ಟುವುದು ಹೇಗೆ

ಶಿರಸಿ ಹತ್ತಿರದ ನಮ್ಮ ಚಿಕ್ಕಮ್ಮ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಜೋನಿಬೆಲ್ಲ ಮಾರುತ್ತಾರೆ. ಆರ್ಡರ್ ಎಲ್ಲ ವಾಟ್ಸಾಪಿನಲ್ಲಿ. ಲೆಕ್ಕ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಹಲಸಿನ ಸೀಸನ್ ಬಂತು ಅಂದರೆ "ಅಕ್ಕಾ ಹಪ್ಪಳ ಇದ್ದಾ?" ಅನ್ನುವ ಮೆಸೇಜಿಗೆ ಉತ್ತರ ಕೊಟ್ಟೂ ಕೊಟ್ಟೂ ಅವರಿಗೆ ಹಪ್ಪಳ ಒತ್ತುವುದಕ್ಕೇ ಪುರುಸೊತ್ತಿಲ್ಲ. ಹಾಗಾಗಿ ಒಂದು ಸಣ್ಣ ಅಂಗಡಿ ಮಾಡಿಕೊಟ್ಟೆ. ಎರಡು ವಾರಾಂತ್ಯದಲ್ಲಿ ಕಟ್ಟಿದೆ, ಆಮೇಲೆ ಆರು ತಿಂಗಳು ರಿಪೇರಿ ಮಾಡಿದೆ. ಆ ಆರು ತಿಂಗಳು ನಿಮಗೆ ಉಳಿಯಲಿ ಅಂತ ಈ ಲೇಖನ.

ಮೊದಲೇ ಒಂದು ಮಾತು. ನಾಳೆಯೇ ಮಾರಾಟ ಶುರುವಾಗಬೇಕು, ಕೋಡ್ ಬರೆಯುವ ಆಸೆ ಇಲ್ಲ ಅಂದರೆ ಶಾಪಿಫೈ ಅಥವಾ ವರ್ಡ್‌ಪ್ರೆಸ್ ಜೊತೆಗೆ ವೂಕಾಮರ್ಸ್ ತರಹದ ರೆಡಿಮೇಡ್ ಅಂಗಡಿ ಹಾಕಿಕೊಳ್ಳಿ, ಇಲ್ಲಿಗೇ ಓದು ನಿಲ್ಲಿಸಿದರೂ ನನಗೆ ಬೇಜಾರಿಲ್ಲ. ಅಂಗಡಿ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಬೇಕು ಅನ್ನುವವರು ಮುಂದೆ ಬನ್ನಿ. ಎಚ್‌ಟಿಎಂಎಲ್ ಸ್ವಲ್ಪ ಗೊತ್ತಿರಬೇಕು, ಅಷ್ಟು ಸಾಕು.

ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯೇ ಯಾಕೆ? ತೀರಾ ಅಗ್ಗದ ಹೋಸ್ಟಿಂಗ್‌ನಲ್ಲೂ ಅದು ಓಡುತ್ತದೆ, ಅದಕ್ಕೆ. ರಾಸ್ಮಸ್ ಲೆರ್ಡಾರ್ಫ್ ಇದನ್ನು 1995ರಲ್ಲಿ ಬಿಡುಗಡೆ ಮಾಡಿದಾಗ ಅದು ಅವರ ಸ್ವಂತ ಪುಟ ನೋಡಿಕೊಳ್ಳುವ ಸಣ್ಣ ಸಾಧನ. ಈಗ ವಿಕಿಪೀಡಿಯ ಓಡುವುದೂ ಇದರಲ್ಲೇ. ಹಳೇ ಭಾಷೆ ಅಂತ ಮೂಗು ಮುರಿಯುವವರು ಇದ್ದಾರೆ. ಹಪ್ಪಳ ಮಾರಲು ಹೊಸ ಭಾಷೆಯೇ ಬೇಕಾ, ಅಲ್ವಾ?

ಇನ್ನೊಂದು ವಿಷಯ: ಕೆಳಗೆ ಫಂಕ್ಷನ್ (ಪಿಎಚ್‌ಪಿಯ ಸಿದ್ಧ ಆಜ್ಞೆ) ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. 'ಸೆಷನ್ ಸ್ಟಾರ್ಟ್' ತರಹದ ಹೆಸರಿನಲ್ಲಿ ನಡುವಿನ ಜಾಗಕ್ಕೆ ಅಂಡರ್‌ಸ್ಕೋರ್ ಬರುತ್ತದೆ.

ಹಂತ 1: ಮೊದಲು ಹಾಳೆ, ಆಮೇಲೆ ಕಂಪ್ಯೂಟರ್

ಗಿರಾಕಿ ಏನೇನು ಮಾಡುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸಾಮಾನು ನೋಡುತ್ತಾನೆ, ಬುಟ್ಟಿಗೆ ಹಾಕುತ್ತಾನೆ, ವಿಳಾಸ ಕೊಡುತ್ತಾನೆ, ದುಡ್ಡು ಕೊಡುತ್ತಾನೆ. ನಾಲ್ಕೇ ಪುಟ. ಇದರ ಜೊತೆಗೆ ಆರ್ಡರ್ ನೋಡಲು ನಿಮಗೊಂದು ಪುಟ. ಮೊದಲ ಸಲ ಇದಕ್ಕಿಂತ ಜಾಸ್ತಿ ಏನೂ ಬೇಡ. ಕೂಪನ್ ಬೇಡ, ರೇಟಿಂಗ್ ಬೇಡ, ಗಿರಾಕಿಗೆ ಲಾಗಿನ್ ಅಂತೂ ಬೇಡವೇ ಬೇಡ. ಅರ್ಧ ಕೆಜಿ ಉಪ್ಪಿನಕಾಯಿ ತಗೊಳ್ಳಲು ಬಂದವನಿಗೆ ಪಾಸ್‌ವರ್ಡ್ ಇಟ್ಟುಕೋ ಅಂದರೆ ಅವನು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಾನೆ. ಫೋನ್ ನಂಬರ್ ಸಾಕು.

ಹಂತ 2: ಮನೆಯ ಕಂಪ್ಯೂಟರಿನಲ್ಲಿ ತಯಾರಿ

ಕ್ಸಾಂಪ್ ಅನ್ನುವ ಉಚಿತ ಪ್ಯಾಕೇಜ್ ಇಳಿಸಿಕೊಳ್ಳಿ. ಅಪಾಚೆ ಸರ್ವರ್, ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಎಲ್ಲ ಒಟ್ಟಿಗೇ ಬರುತ್ತವೆ. ಅದರ ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿ 'ಅಂಗಡಿ' ಅಂತ ಒಂದು ಫೋಲ್ಡರ್ ಮಾಡಿ (ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ), ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಒಂದು ಸ್ಲ್ಯಾಷ್, ಆ ಫೋಲ್ಡರಿನ ಹೆಸರು ಹೊಡೆದು ಅದನ್ನು ತೆರೆಯಿರಿ. ಮುಗಿಯಿತು.

ಇಲ್ಲೊಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಸಿಗುವ ಹಳೇ ಪಾಠಗಳಲ್ಲಿ 'ಮೈಎಸ್‌ಕ್ಯುಎಲ್ ಕ್ವೆರಿ' ಅನ್ನುವ ಫಂಕ್ಷನ್ ಬರುತ್ತದೆ. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಅದನ್ನು ಕಿತ್ತು ಹಾಕಿದ್ದಾರೆ. ಅದು ಕಂಡರೆ ಆ ವಿಡಿಯೊ ಮುಚ್ಚಿ. ಈಗ ಬಳಸಬೇಕಾದದ್ದು ಪಿಡಿಒ, ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಸಾಧನ.

ಹಂತ 3: ಟೇಬಲ್‌ಗಳು

ಮೂರು ಟೇಬಲ್ ಸಾಕು. ಸಾಮಾನು, ಆರ್ಡರ್, ಆರ್ಡರಿನ ಸಾಲುಗಳು.

ಸಾಮಾನಿನ ಟೇಬಲ್ಲಿನಲ್ಲಿ ಐಡಿ, ಹೆಸರು, ಬೆಲೆ, ತೂಕ, ಸ್ಟಾಕ್, ಚಿತ್ರದ ಹೆಸರು, ಮಾರಾಟಕ್ಕಿದೆಯಾ ಇಲ್ಲವಾ ಅನ್ನುವ ಒಂದು ಕಾಲಂ. ಈ ಕೊನೆಯದು ಬಹಳ ಮುಖ್ಯ. ಸೀಸನ್ ಮುಗಿದ ಕೂಡಲೇ ಹಪ್ಪಳವನ್ನು ಅಳಿಸಿದರೆ ಹಳೇ ಆರ್ಡರಿನ ಲೆಕ್ಕ ಕೆಡುತ್ತದೆ. ಅಳಿಸಬೇಡಿ, ಮರೆಮಾಡಿ.

ಬೆಲೆಯನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಇಡಬೇಡಿ. ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ, ಕೊನೆಯಲ್ಲೆಲ್ಲೋ ಒಂದು ಚೂರು ಹೆಚ್ಚು ಬರುತ್ತದೆ. ಪೈಸೆಯಲ್ಲಿ ಪೂರ್ಣಾಂಕ ಇಟ್ಟುಬಿಡಿ. 180 ರೂಪಾಯಿ ಅಂದರೆ 18000. ತೋರಿಸುವಾಗ ನೂರರಿಂದ ಭಾಗಿಸಿ. ಮುಂದೆ ಪೇಮೆಂಟ್ ಗೇಟ್‌ವೇಗೂ (ಗಿರಾಕಿಯ ದುಡ್ಡು ಆನ್‌ಲೈನಿನಲ್ಲಿ ತಗೊಂಡು ನಿಮಗೆ ಮುಟ್ಟಿಸುವ ಕಂಪನಿ) ಪೈಸೆಯಲ್ಲೇ ಕಳಿಸಬೇಕಾಗುತ್ತದೆ, ಆಗ ಈ ಮಾತು ನೆನಪಾಗುತ್ತದೆ.

ತೂಕ ಗ್ರಾಂನಲ್ಲಿರಲಿ, ಅದೂ ಪ್ಯಾಕಿಂಗ್ ಸಮೇತ. ನಾನು ಅರ್ಧ ಕೆಜಿ ಉಪ್ಪಿನಕಾಯಿಗೆ 500 ಅಂತ ಹಾಕಿದ್ದೆ. ಬಾಟಲಿ, ಪ್ಲಾಸ್ಟಿಕ್, ರಟ್ಟಿನ ಡಬ್ಬ ಸೇರಿ ಅದು 700 ದಾಟುತ್ತಿತ್ತು. ಕೊರಿಯರಿನವರು ಮುಂದಿನ ಸ್ಲ್ಯಾಬ್ ಹಾಕುತ್ತಿದ್ದರು, ವ್ಯತ್ಯಾಸ ಚಿಕ್ಕಮ್ಮನ ಕೈಯಿಂದ.

ಆರ್ಡರಿನ ಸಾಲುಗಳಲ್ಲಿ ಸಾಮಾನಿನ ಐಡಿ ಮಾತ್ರ ಇಟ್ಟು ಬಿಡಬೇಡಿ. ಆ ದಿನದ ಹೆಸರು, ಆ ದಿನದ ಬೆಲೆ ಎರಡನ್ನೂ ಅಲ್ಲೇ ನಕಲು ಮಾಡಿ. ಮುಂದಿನ ವರ್ಷ ಮಿಡಿ ತುಟ್ಟಿಯಾಗಿ ಬೆಲೆ ಏರಿಸಿದರೆ, ಈ ವರ್ಷದ ಬಿಲ್ಲೆಲ್ಲ ತನ್ನಷ್ಟಕ್ಕೆ ಏರಬಾರದಲ್ಲ.

ಕನ್ನಡದ ಗಲಾಟೆ

ಇದಕ್ಕೆ ಹಂತದ ನಂಬರ್ ಕೊಡಲಿಲ್ಲ, ಯಾಕಂದರೆ ಇದು ಎಲ್ಲ ಹಂತದಲ್ಲೂ ಕಾಲಿಗೆ ತೊಡರುತ್ತದೆ. ಡೇಟಾಬೇಸ್ ಮಾಡುವಾಗಲೇ ಅಕ್ಷರಗಳ ಸೆಟ್ 'ಯುಟಿಎಫ್8ಎಂಬಿ4' ಅಂತ ಆರಿಸಿ, ಪಿಡಿಒ ಕನೆಕ್ಷನ್ನಿನಲ್ಲೂ ಅದನ್ನೇ ಹೇಳಿ, ಪುಟದ ತಲೆಯಲ್ಲಿ ಯುಟಿಎಫ್-8 ಅಂತ ಬರೆಯಿರಿ. ಮೂರರಲ್ಲಿ ಒಂದು ತಪ್ಪಿದರೂ ತೊಡದೇವು ಹೋಗಿ ಸಾಲಾಗಿ ಪ್ರಶ್ನೆಚಿಹ್ನೆ ಬರುತ್ತದೆ. ಬರೀ 'ಯುಟಿಎಫ್8' ಅಂತ ಹಾಕಿದರೂ ಕನ್ನಡ ಹೇಗೋ ಉಳಿಯುತ್ತದೆ, ನಮ್ಮ ಅಕ್ಷರಕ್ಕೆ ಮೂರು ಬೈಟ್ ಸಾಕು. ಆದರೆ ಗಿರಾಕಿ ವಿಳಾಸದ ಕೊನೆಗೊಂದು ಇಮೋಜಿ ಹಾಕಿದ ಅನ್ನಿ, ಅದಕ್ಕೆ ನಾಲ್ಕು ಬೈಟ್ ಬೇಕು, ಆರ್ಡರೇ ಬಿದ್ದುಹೋಗಬಹುದು.

ಬೈಟ್ ಅಂದೆನಲ್ಲ, ಅದನ್ನೇ ಹತ್ತಿರದಿಂದ ನೋಡೋಣ. 'ಹಪ್ಪಳ' ಅನ್ನುವ ಪದ. ನಮ್ಮ ಕಣ್ಣಿಗೆ ಮೂರು ಅಕ್ಷರ: ಹ, ಪ್ಪ, ಳ. ಉದ್ದ ಅಳೆಯುವ 'ಸ್ಟ್ರ್‌ಲೆನ್' ಫಂಕ್ಷನ್ ಕೇಳಿದರೆ 15 ಅನ್ನುತ್ತದೆ. 'ಎಂಬಿ ಸ್ಟ್ರ್‌ಲೆನ್' ಕೇಳಿದರೆ 5. ಯಾರೂ ಸುಳ್ಳು ಹೇಳುತ್ತಿಲ್ಲ. ಹ, ಪ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಪ, ಳ ಅಂತ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ಹಾಗಾಗಿ ವಿವರಣೆ ಉದ್ದವಾಯಿತು ಅಂತ 'ಸಬ್‌ಸ್ಟ್ರ್' ಬಳಸಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಕೊನೆಯಲ್ಲಿ ಕರೀ ಚೌಕ ಬರುತ್ತದೆ. 'ಎಂಬಿ ಸಬ್‌ಸ್ಟ್ರ್' ಪರವಾಗಿಲ್ಲ, ಆದರೂ ಒತ್ತಕ್ಷರ ಕಳಚಿ 'ಹಪ್' ಅಂತ ನಿಲ್ಲಬಹುದು. ಉದ್ದ ಪಠ್ಯ ಮಡಚುವ ಕೆಲಸ ಸಿಎಸ್‌ಎಸ್‌ಗೆ ಬಿಟ್ಟುಬಿಡಿ.

ಸಾಮಾನಿನ ಪಟ್ಟಿಯನ್ನು ಡಿಟಿಪಿ ಅಂಗಡಿಯಿಂದ ಟೈಪ್ ಮಾಡಿಸಿಕೊಂಡು ಬಂದರೆ ಒಮ್ಮೆ ಪರೀಕ್ಷಿಸಿ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ವೆಬ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಕನ್ವರ್ಟರ್‌ಗಳು ಸಿಗುತ್ತವೆ, ಪರಿವರ್ತಿಸಿ ಅರ್ಕಾವತ್ತು ಒಂದು ಸಲ ಕಣ್ಣಾಡಿಸಿ.

ಹಂತ 4: ಸಾಮಾನು ತೋರಿಸುವುದು

ಇದು ಸುಲಭ. ಪಿಡಿಒದಿಂದ ಸಾಲುಗಳನ್ನು ತಂದು ಒಂದು ಲೂಪಿನಲ್ಲಿ ಸುತ್ತಿಸಿ ತೋರಿಸಿ. ಎರಡೇ ನಿಯಮ, ಮರೆಯಬೇಡಿ. ಡೇಟಾಬೇಸಿಗೆ ಏನೇ ಕಳಿಸಿದರೂ 'ಪ್ರಿಪೇರ್' ಮತ್ತು 'ಎಕ್ಸಿಕ್ಯೂಟ್' ಮೂಲಕ ಕಳಿಸಿ, ಗಿರಾಕಿ ಬರೆದದ್ದನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸಿಗೆ ಕೊಡುವ ಆಜ್ಞೆಗೆ) ಅಂಟಿಸಬೇಡಿ. ಪುಟದ ಮೇಲೆ ಏನೇ ಮುದ್ರಿಸಿದರೂ 'ಎಚ್‌ಟಿಎಂಎಲ್ ಸ್ಪೆಷಲ್‌ಚಾರ್ಸ್' ಮೂಲಕ ಮುದ್ರಿಸಿ (ಇದರಲ್ಲಿ ಅಂಡರ್‌ಸ್ಕೋರ್ ಇಲ್ಲ, ಒಂದೇ ಪದ. ಪಿಎಚ್‌ಪಿಯ ಚಾಳಿಯೇ ಹಾಗೆ).

ಹಂತ 5: ಬುಟ್ಟಿ

ಪ್ರತಿ ಪುಟದ ಮೊದಲ ಸಾಲಿನಲ್ಲಿ 'ಸೆಷನ್ ಸ್ಟಾರ್ಟ್' ಕರೆಯಿರಿ. ಸೆಷನ್ ಅಂದರೆ ಪುಟದಿಂದ ಪುಟಕ್ಕೆ ಹೋದರೂ ಆ ಗಿರಾಕಿಯ ವಿಷಯ ಸರ್ವರ್ ನೆನಪಿಟ್ಟುಕೊಳ್ಳುವ ಜಾಗ. ಅದಕ್ಕಿಂತ ಮುಂಚೆ ಒಂದು ಖಾಲಿ ಸಾಲು, ಒಂದು ಸ್ಪೇಸ್ ಇದ್ದರೂ 'ಹೆಡರ್ಸ್ ಆಲ್ರೆಡಿ ಸೆಂಟ್' ಅಂತ ಬೈಗುಳ ಬರಬಹುದು. ಕಣ್ಣಿಗೆ ಏನೂ ಕಾಣದಿದ್ದರೂ ಬಂದರೆ, ಫೈಲನ್ನು ಎಡಿಟರಿನಲ್ಲಿ 'ಬಾಮ್' (ಫೈಲಿನ ತಲೆಯಲ್ಲಿ ಕೂರುವ ಕಾಣದ ಗುರುತು) ಇಲ್ಲದ ಯುಟಿಎಫ್-8 ಆಗಿ ಮತ್ತೆ ಸೇವ್ ಮಾಡಿ. ಇದಕ್ಕೆ ನಾನು ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ.

ಬುಟ್ಟಿ ಅಂದರೆ ಸೆಷನ್ನಿನಲ್ಲಿ ಕೂತ ಒಂದು ಅರೇ, ಅಂದರೆ ಪಟ್ಟಿ, ಅಷ್ಟೇ. ತಮಾಷೆ ಏನಂದರೆ ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. ಈ ಎರಡು ಸಾಲು ನಿಜವಾಗಿ ಓಡುತ್ತವೆ:

$ಬುಟ್ಟಿ[$ಐಡಿ] = $ಎಷ್ಟು;
$ಒಟ್ಟು += $ಬೆಲೆ * $ಎಷ್ಟು;

ಕಲಿಯುವಾಗ ಚೆನ್ನಾಗಿರುತ್ತದೆ. ಬೇರೆಯವರೂ ಕೋಡ್ ಮುಟ್ಟುತ್ತಾರೆ ಅಂದರೆ ಇಂಗ್ಲಿಷ್ ಹೆಸರೇ ಇಡಿ, ಇಲ್ಲದಿದ್ದರೆ ಕೀಬೋರ್ಡ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ.

ಈಗ ಗಮನವಿಟ್ಟು ನೋಡಿ: ಬುಟ್ಟಿಯಲ್ಲಿರುವುದು ಐಡಿ ಮತ್ತು ಎಷ್ಟು ಅನ್ನುವುದು ಮಾತ್ರ. ಬೆಲೆ ಇಲ್ಲ. ನನ್ನ ಮೊದಲ ಅಂಗಡಿಯಲ್ಲಿ 'ಬುಟ್ಟಿಗೆ ಹಾಕಿ' ಬಟನ್ನಿನ ಜೊತೆ ಬೆಲೆಯನ್ನೂ ಫಾರ್ಮಿನಲ್ಲಿ ಬಚ್ಚಿಟ್ಟು ಕಳಿಸುತ್ತಿದ್ದೆ. ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಅಂತ. ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಾನೆ. ಒಂದು ಭಾನುವಾರ ಫೋನ್ ಮಾಡಿ, "ಮಾವ, ನಿಮ್ಮ ಅಂಗಡೀಲಿ ಉಪ್ಪಿನಕಾಯಿ ಒಂದ್ರೂಪಾಯಿಗೆ ಸಿಗ್ತಿದೆ, ಹತ್ತು ಬಾಟ್ಲಿ ಆರ್ಡರ್ ಮಾಡಿದೀನಿ" ಅಂದ. ಬ್ರೌಸರಿನಲ್ಲಿ ಇನ್‌ಸ್ಪೆಕ್ಟ್ ಒತ್ತಿ, ಬಚ್ಚಿಟ್ಟ 180ನ್ನು 1 ಮಾಡಿ, ಬಟನ್ ಒತ್ತಿದ್ದ. ಎರಡು ನಿಮಿಷದ ಕೆಲಸ. ಆಮೇಲೆ ಇನ್ನೂ ಒಂದು ಮಾಡಿ ತೋರಿಸಿದ: ಹಪ್ಪಳ ಎರಡು ಕಟ್ಟು, ಜೋನಿಬೆಲ್ಲ ಮೈನಸ್ ಮೂರು ಡಬ್ಬ. ಒಟ್ಟು ಮೊತ್ತ ಸೊನ್ನೆಗಿಂತ ಕೆಳಗೆ ಹೋಯಿತು. ಲೆಕ್ಕದ ಪ್ರಕಾರ ನಾವೇ ಅವನಿಗೆ ದುಡ್ಡು ಕೊಡಬೇಕು!

ಅವತ್ತಿನಿಂದ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಬ್ರೌಸರಿನಿಂದ ಬಂದ ಯಾವುದನ್ನೂ ನಂಬುವುದಿಲ್ಲ. ಐಡಿ ಬಂದರೆ ಆ ಸಾಮಾನು ನಿಜವಾಗಿ ಇದೆಯಾ ಅಂತ ಡೇಟಾಬೇಸನ್ನು ಕೇಳುತ್ತೇನೆ. ಬೆಲೆಯನ್ನು ಅಲ್ಲಿಂದಲೇ ತರುತ್ತೇನೆ. ಎಷ್ಟು ಅನ್ನುವುದು 1ರಿಂದ 20ರೊಳಗಿನ ಪೂರ್ಣಾಂಕ ಆಗಿರಬೇಕು, ಇಲ್ಲದಿದ್ದರೆ ಮಾತಿಲ್ಲದೆ ತಿರಸ್ಕಾರ. ಜಾವಾಸ್ಕ್ರಿಪ್ಟಿನಲ್ಲಿ ಮಾಡುವ ಪರೀಕ್ಷೆ ಗಿರಾಕಿಯ ಅನುಕೂಲಕ್ಕೆ, ನಿಮ್ಮ ರಕ್ಷಣೆಗಲ್ಲ.

ಸೆಷನ್ ಬಗ್ಗೆ ಇನ್ನೊಂದು. ಪಿಎಚ್‌ಪಿಯ ಡೀಫಾಲ್ಟ್ ಪ್ರಕಾರ 1440 ಸೆಕೆಂಡ್ ಸುಮ್ಮನಿದ್ದರೆ ಸೆಷನ್ ಕಸದ ಬುಟ್ಟಿಗೆ ಹೋಗಬಹುದು. ಅಂದರೆ 24 ನಿಮಿಷ. ಗಿರಾಕಿ ಬುಟ್ಟಿ ತುಂಬಿಸಿ, "ಅಮ್ಮಾ ನಿಂಗೆ ಎಷ್ಟು ಕಟ್ಟು ಬೇಕು" ಅಂತ ಊರಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿ ಬಂದರೆ ಬುಟ್ಟಿ ಖಾಲಿ. ಸೆಟ್ಟಿಂಗ್ಸಿನಲ್ಲಿ ಅದನ್ನು ಕೆಲವು ಗಂಟೆಗೆ ಏರಿಸಿ, ಸೆಷನ್ ಫೈಲ್ ಇಡಲು ನಿಮ್ಮದೇ ಫೋಲ್ಡರ್ ಕೊಡಿ.

ಹಂತ 6: ವಿಳಾಸದ ಫಾರ್ಮ್

ಹೆಸರು, ಫೋನ್, ವಿಳಾಸ, ಪಿನ್‌ಕೋಡ್. ಫೋನ್ 10 ಅಂಕಿ. ಪಿನ್ 6 ಅಂಕಿ, ಮೊದಲನೆಯದು ಸೊನ್ನೆ ಆಗಿರಬಾರದು. ಆದರೆ ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ೫೮೧೪೦೧ ಅಂತ ಬರೆಯುತ್ತಾರೆ, ನಿಮ್ಮ ಫಾರ್ಮ್ ಅದನ್ನು ತಪ್ಪು ಅನ್ನುತ್ತದೆ, ಅವರಿಗೆ ತಪ್ಪು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಪರೀಕ್ಷಿಸುವ ಮೊದಲು ಕನ್ನಡ ಅಂಕಿಗಳನ್ನು 0-9ಕ್ಕೆ ಬದಲಿಸಿಕೊಳ್ಳಿ. 'ಸ್ಟ್ರ್ ರಿಪ್ಲೇಸ್' ಫಂಕ್ಷನ್ನಿಗೆ ಎರಡು ಅರೇ ಕೊಟ್ಟರೆ ಆಯಿತು. 'ಸ್ಟ್ರ್‌ಟಿಆರ್'ಗೆ ಎರಡು ಸ್ಟ್ರಿಂಗ್ ಕೊಡಬೇಡಿ, ಅದು ಬೈಟ್ ಲೆಕ್ಕದಲ್ಲಿ ಬದಲಿಸಿ ಎಲ್ಲ ಕಲಸಿ ಹಾಕುತ್ತದೆ.

ಆರ್ಡರ್ ಉಳಿಸಿದ ಮೇಲೆ ಅದೇ ಪುಟದಲ್ಲಿ 'ಧನ್ಯವಾದ' ಅಂತ ತೋರಿಸಬೇಡಿ. ಬೇರೆ ಪುಟಕ್ಕೆ ರೀಡೈರೆಕ್ಟ್ ಮಾಡಿ. ಇಲ್ಲದಿದ್ದರೆ ಗಿರಾಕಿ ರಿಫ್ರೆಶ್ ಒತ್ತಿದಾಗ ಅದೇ ಆರ್ಡರ್ ಇನ್ನೊಂದು ಸಲ ಬೀಳುತ್ತದೆ. ಆ ಪುಟದ ಲಿಂಕಿನಲ್ಲಿ ಆರ್ಡರ್ ನಂಬರ್ ಬದಲು ಊಹಿಸಲಾಗದ ಉದ್ದ ಟೋಕನ್ (ಅಡ್ಡಾದಿಡ್ಡಿ ಅಕ್ಷರ, ಅಂಕಿಗಳ ಸಾಲು) ಇರಲಿ. 41ನ್ನು 42 ಮಾಡಿದರೆ ಪಕ್ಕದವರ ವಿಳಾಸ, ಫೋನ್ ಕಾಣುವಂತಿರಬಾರದು.

ಹಂತ 7: ಕೊನೆಯ ಒಂದು ಕಟ್ಟು

ಹಪ್ಪಳ ಒಂದೇ ಕಟ್ಟು ಉಳಿದಿದೆ. ಬೆಂಗಳೂರಿನಲ್ಲೊಬ್ಬರು, ಹುಬ್ಬಳ್ಳಿಯಲ್ಲೊಬ್ಬರು ಒಂದೇ ಕ್ಷಣಕ್ಕೆ ಬಟನ್ ಒತ್ತುತ್ತಾರೆ. ನೀವು ಮೊದಲು ಸ್ಟಾಕ್ ಓದಿ, 'ಇದೆ' ಅಂತ ನೋಡಿ, ಆಮೇಲೆ ಕಳೆಯುವ ಹಾಗೆ ಬರೆದಿದ್ದರೆ ಇಬ್ಬರಿಗೂ 'ಇದೆ' ಅಂತಲೇ ಕಾಣುತ್ತದೆ. ಓದುವುದು, ಕಳೆಯುವುದು ಎರಡನ್ನೂ ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ ಸೇರಿಸಿ: ಈ ಐಡಿಯ ಸ್ಟಾಕಿನಿಂದ 1 ಕಳೆ, ಆದರೆ ಸ್ಟಾಕ್ 1 ಅಥವಾ ಜಾಸ್ತಿ ಇದ್ದರೆ ಮಾತ್ರ. ಆಮೇಲೆ ಎಷ್ಟು ಸಾಲು ಬದಲಾಯಿತು ಅಂತ 'ರೋಕೌಂಟ್' ಕೇಳಿ. ಸೊನ್ನೆ ಬಂದರೆ ಸಾಮಾನು ಮುಗಿದಿದೆ, ಗಿರಾಕಿಗೆ ಹೇಳಿ.

ಬುಟ್ಟಿಯಲ್ಲಿ ಐದು ಸಾಮಾನು ಇದ್ದು ನಾಲ್ಕನೆಯದು ಇಲ್ಲ ಅಂತಾದರೆ? ಮೊದಲ ಮೂರರದ್ದು ಆಗಲೇ ಕಳೆದಿರುತ್ತದೆ. ಅದಕ್ಕೇ ಇಡೀ ಕೆಲಸವನ್ನು ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಅನ್ನುವ ವ್ಯವಸ್ಥೆ) ಒಳಗೆ ಮಾಡಿ, ತಪ್ಪಿದರೆ 'ರೋಲ್‌ಬ್ಯಾಕ್', ಅಂದರೆ ಎಲ್ಲ ಮೊದಲಿನಂತೆ. ಟೇಬಲ್ ಇನೊಡಿಬಿ ವಿಧದ್ದಾಗಿದ್ದರೆ ಮಾತ್ರ ಇದು ನಡೆಯುತ್ತದೆ.

ಹಂತ 8: ದುಡ್ಡು

ದಿನಕ್ಕೆ ಐದಾರು ಆರ್ಡರ್ ಅಂದರೆ ಯುಪಿಐ ಕ್ಯೂಆರ್ ತೋರಿಸಿ, ಬ್ಯಾಂಕಿಗೆ ದುಡ್ಡು ಬಂದದ್ದು ಕಂಡ ಮೇಲೆ ಕೈಯಾರೆ 'ಬಂತು' ಅಂತ ಒತ್ತಿದರೆ ಸಾಕು. ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಸ್ಕ್ರೀನ್‌ಶಾಟ್ ತಯಾರಿಸುವುದು ಹಪ್ಪಳ ಸುಡುವಷ್ಟೇ ಸುಲಭ.

ಜಾಸ್ತಿಯಾದರೆ ಪೇಮೆಂಟ್ ಗೇಟ್‌ವೇ ಬೇಕು. ರೇಜರ್‌ಪೇ ಬೆಂಗಳೂರಿನದೇ, ಬೇರೆಯವೂ ಇವೆ. ಕ್ರಮ ಹೆಚ್ಚೂಕಡಿಮೆ ಒಂದೇ. ನಿಮ್ಮ ಸರ್ವರ್ ಮೊತ್ತವನ್ನು ಪೈಸೆಯಲ್ಲಿ ಗೇಟ್‌ವೇಗೆ ಹೇಳಿ ಒಂದು ಆರ್ಡರ್ ಐಡಿ ತರುತ್ತದೆ. ಗಿರಾಕಿ ಅವರ ಕಿಟಕಿಯಲ್ಲಿ ದುಡ್ಡು ಕೊಡುತ್ತಾನೆ. ವಾಪಸ್ ಬಂದ ಉತ್ತರದ ಜೊತೆ ಒಂದು ಸಹಿ ಇರುತ್ತದೆ. ಆ ಸಹಿಯನ್ನು ನಿಮ್ಮ ಗುಟ್ಟಿನ ಕೀ ಬಳಸಿ 'ಹ್ಯಾಶ್ ಎಚ್‌ಮ್ಯಾಕ್'ನಿಂದ ಲೆಕ್ಕ ಹಾಕಿ ತಾಳೆ ನೋಡಬೇಕು. ತಾಳೆಯಾಗದಿದ್ದರೆ ದುಡ್ಡು ಬಂದಿಲ್ಲ ಅಂತಲೇ ಅರ್ಥ.

ಆದರೆ ನಮ್ಮೂರಿನ ನೆಟ್‌ವರ್ಕ್ ಗೊತ್ತಲ್ಲ. ದುಡ್ಡು ಕಟ್ಟಾಗುತ್ತದೆ, ಗಿರಾಕಿಯ ಫೋನ್ ಸಿಗ್ನಲ್ ಕಳೆದುಕೊಳ್ಳುತ್ತದೆ, ನಿಮ್ಮ 'ಧನ್ಯವಾದ' ಪುಟಕ್ಕೆ ಅವನು ಬರುವುದೇ ಇಲ್ಲ. ಆರ್ಡರ್ 'ಬಾಕಿ' ಅಂತಲೇ ಕೂತಿರುತ್ತದೆ. ಇದಕ್ಕೇ ವೆಬ್‌ಹುಕ್. ಗೇಟ್‌ವೇ ನಿಮ್ಮ ಸರ್ವರಿಗೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ, ಗಿರಾಕಿಯ ಫೋನಿನ ಹಂಗಿಲ್ಲ. ಒಂದೇ ಸುದ್ದಿ ಎರಡು ಸಲ ಬರಬಹುದು, ಹಾಗಾಗಿ ಆ ಆರ್ಡರ್ ಆಗಲೇ 'ಬಂತು' ಆಗಿದ್ದರೆ ಏನೂ ಮಾಡದೆ ಸುಮ್ನೆ ಸರಿ ಅನ್ನಿ. ಅರ್ಧ ಗಂಟೆಯಾದರೂ ದುಡ್ಡು ಬರದ ಆರ್ಡರಿನ ಸ್ಟಾಕನ್ನು ವಾಪಸ್ ಸೇರಿಸಲು ಒಂದು ಕ್ರಾನ್ ಜಾಬ್ (ಹೊತ್ತು ಹೊತ್ತಿಗೆ ಸರ್ವರ್ ತಾನೇ ಓಡಿಸುವ ಕೆಲಸ) ಇಡಿ.

ಹಂತ 9: ಚಿಕ್ಕಮ್ಮನ ಪುಟ

ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್. ಪಾಸ್‌ವರ್ಡನ್ನು 'ಪಾಸ್‌ವರ್ಡ್ ಹ್ಯಾಶ್' ಮಾಡಿ (ವಾಪಸ್ ಓದಲಾಗದ ರೂಪಕ್ಕೆ ಬದಲಿಸಿ) ಇಡಿ, ಪರೀಕ್ಷೆಗೆ 'ಪಾಸ್‌ವರ್ಡ್ ವೆರಿಫೈ'. ಹಳೇ ಎಂಡಿ5 ವಿಧಾನ ಬೇಡ. ಈ ಪುಟದ ಪ್ರತಿ ಫಾರ್ಮಿಗೂ ಒಂದು ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮ ಪುಟದಿಂದಲೇ ಬಂತು ಅಂತ ಖಾತ್ರಿ ಮಾಡುವ ಗುಟ್ಟಿನ ಸಂಕೇತ) ಹಾಕಿ.

ವಿನ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಯಾರು, ಎಲ್ಲಿ ನಿಂತು ಬಳಸುತ್ತಾರೆ ಅಂತ ನೋಡಿ. ಚಿಕ್ಕಮ್ಮನ ಕೈಯಲ್ಲಿ ಹಿಟ್ಟು ಇರುತ್ತದೆ. ನಾನು ಮೊದಲು ಮಾಡಿದ್ದು ಎಂಟು ಕಾಲಂ ಇದ್ದ ಚೆಂದದ ಟೇಬಲ್, ಅದು ಅವರ ಫೋನಿನಲ್ಲಿ ಅಡ್ಡ ಸರಿಸಿದಷ್ಟೂ ಮುಗಿಯುತ್ತಿರಲಿಲ್ಲ. "ತಮಾ, ಇದೆಂತದೋ, ಪಂಚಾಂಗ ಇದ್ದಂಗಿದ್ದು" ಅಂದರು. ಈಗ ಒಂದು ಆರ್ಡರಿಗೆ ಒಂದು ಚೀಟಿ ತರಹ ಕಾಣುತ್ತದೆ. ಮೇಲೆ ಹೆಸರು, ಊರು, ನಡುವೆ ಸಾಮಾನು, ಕೆಳಗೆ ಎರಡೇ ದೊಡ್ಡ ಬಟನ್: 'ಕಟ್ಟಿದ್ದು', 'ಕಳಿಸಿದ್ದು'. ಮೊಣಕೈಯಲ್ಲೂ ಒತ್ತಬಹುದು.

ಹಂತ 10: ಹೊರಗೆ ಬಿಡುವುದು

ಶೇರ್ಡ್ ಹೋಸ್ಟಿಂಗ್ ತಗೊಂಡರೆ 'ಪಬ್ಲಿಕ್ ಎಚ್‌ಟಿಎಂಎಲ್' ಫೋಲ್ಡರಿನಲ್ಲಿರುವುದೆಲ್ಲ ಜಗತ್ತಿಗೆ ಕಾಣುತ್ತದೆ. ಡೇಟಾಬೇಸ್ ಪಾಸ್‌ವರ್ಡ್, ಗೇಟ್‌ವೇ ಕೀ ಇರುವ ಫೈಲನ್ನು ಅದರ ಹೊರಗಿಡಿ. 'ಡಿಸ್‌ಪ್ಲೇ ಎರರ್ಸ್' ಆಫ್ ಮಾಡಿ, ತಪ್ಪುಗಳು ಲಾಗ್ ಫೈಲಿಗೆ ಹೋಗಲಿ. ಎಚ್‌ಟಿಟಿಪಿಎಸ್ ಕಡ್ಡಾಯ, ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತವಾಗಿಯೇ ಸಿಗುತ್ತದೆ. ಡೇಟಾಬೇಸನ್ನು ದಿನಕ್ಕೊಮ್ಮೆ ಬೇರೆ ಕಡೆಗೆ ಬ್ಯಾಕಪ್ ಮಾಡಿ, ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಮನೆಯ ಕಂಪ್ಯೂಟರಿನಲ್ಲಿ ಅಂಗಡಿ ಎದ್ದು ನಿಲ್ಲುತ್ತದಾ ಅಂತ ನೋಡಿ.

ಇನ್ನು ಕಾಗದಪತ್ರ. ತಿನ್ನುವ ಸಾಮಾನು ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಆ 14 ಅಂಕಿಯ ನಂಬರನ್ನು ಅಂಗಡಿಯ ಪುಟದಲ್ಲೂ ಹಾಕಿ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ಸಂಪರ್ಕ, ವಾಪಸಾತಿ ನಿಯಮ, ದೂರು ಯಾರಿಗೆ ಕೊಡಬೇಕು ಅನ್ನುವುದು ಕಾಣುವಂತಿರಬೇಕು. ದೂರು ಬಂದರೆ 48 ಗಂಟೆಯೊಳಗೆ 'ಸಿಕ್ಕಿದೆ' ಅಂತ ಉತ್ತರ, ಒಂದು ತಿಂಗಳೊಳಗೆ ಪರಿಹಾರ. ತೊಡದೇವು ಕಳಿಸುವವರು ವಾಪಸಾತಿ ನಿಯಮವನ್ನು ಯೋಚಿಸಿ ಬರೆಯಿರಿ. ಅದು ಕಾಗದದಷ್ಟು ತೆಳು, ಕೊರಿಯರ್ ಚೀಲದಲ್ಲಿ ಎರಡು ದಿನ ಕುಣಿದ ಮೇಲೆ ಪುಡಿಯೇ ತಲುಪುವುದು. ನಾವು ಗಟ್ಟಿ ಡಬ್ಬಕ್ಕೆ ಬದಲಾಯಿಸಿ, 'ಅಂಚು ಮುರಿದಿರಬಹುದು' ಅಂತ ಸಾಮಾನಿನ ಪುಟದಲ್ಲೇ ಬರೆದೆವು. ಜಿಎಸ್‌ಟಿ ವಿಚಾರ ನಿಮ್ಮ ಆಡಿಟರನ್ನು ಕೇಳಿ, ನನ್ನನ್ನಲ್ಲ.

ಆರ್ಡರ್ ಬಂದಾಗ ಮೇಲ್ ಹೋಗುವ ಹಾಗೆ ಮಾಡಿದ್ದೆ. ಪಿಎಚ್‌ಪಿಯ ಬರೀ 'ಮೇಲ್' ಫಂಕ್ಷನ್ ಬಳಸಿದರೆ ಅದು ಸ್ಪ್ಯಾಮಿಗೆ ಹೋಗುವುದೇ ಜಾಸ್ತಿ, ಪಿಎಚ್‌ಪಿಮೇಲರ್ ಅನ್ನುವ ಲೈಬ್ರರಿ ಇಟ್ಟುಕೊಂಡು ಎಸ್‌ಎಂಟಿಪಿ (ಲಾಗಿನ್ ಆಗಿ ಮೇಲ್ ಸರ್ವರ್ ಮೂಲಕ ಕಳಿಸುವ ದಾರಿ) ಮೂಲಕ ಕಳಿಸಿ. ಅದನ್ನೂ ಮಾಡಿದೆ. ಚಿಕ್ಕಮ್ಮ ಮೇಲ್ ತೆರೆಯುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಆರ್ಡರಿನ ವಿವರವನ್ನು 'ರಾ ಯುಆರ್‌ಎಲ್ ಎನ್‌ಕೋಡ್' ಮಾಡಿ (ಲಿಂಕಿನಲ್ಲಿ ಕೂರುವ ರೂಪಕ್ಕೆ ಬದಲಿಸುವ ಫಂಕ್ಷನ್, ಇದೂ ಒಂದೇ ಪದ), ವಾಟ್ಸಾಪ್ ಲಿಂಕಿಗೆ ಜೋಡಿಸಿ, 'ಅಂಗಡಿಗೆ ತಿಳಿಸಿ' ಅನ್ನುವ ಹಸಿರು ಬಟನ್ನನ್ನು ಗಿರಾಕಿಯ ಧನ್ಯವಾದ ಪುಟದಲ್ಲಿ ಇಟ್ಟೆ. ಈಗ ಮೆಸೇಜು ಬರುತ್ತದೆ, ಅವರು ನೋಡುತ್ತಾರೆ, ಮತ್ತೆ ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾರೆ. "ಕರೆಂಟು ಹೋದ್ರೆ ಎಂತ ಮಾಡದು?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಇನ್ನೂ ಕೋಡ್ ಇಲ್ಲ.